ಮಗಳಿಗೊಂದು ಪತ್ರ: ಊರಿನ ದುಡ್ಡಲ್ಲಿ ಎದ್ದ ಗೋಪುರ

ಪ್ರೀತಿಯ ಪುಟ್ಟಿ,

ಫಿಲಡೆಲ್ಫಿಯಾದಲ್ಲಿ ರೂಮು ಸಿಕ್ಕಿತು ಅಂದೆಯಲ್ಲ, ಮನಸ್ಸಿಗೆ ಸಮಾಧಾನವಾಯಿತು. ಬಿಡುವಾದಾಗ ಅಲ್ಲಿನ ಸಿಟಿ ಹಾಲ್ ನೋಡಿಕೊಂಡು ಬಾ. ಬಂದವರೆಲ್ಲ ಕತ್ತೆತ್ತಿ ತುದಿ ನೋಡುತ್ತಾರೆ. ನೀನು ಮೊದಲು ಬುಡ ನೋಡು. ತಳದಲ್ಲಿ ಗೋಡೆಯ ದಪ್ಪ 22 ಅಡಿ! ನಮ್ಮ ಮನೆಯ ಹಾಲ್ ಇಡೀ ಆ ಗೋಡೆಯೊಳಗೆ ಕೂತುಬಿಡುತ್ತದೆ.

ಈಗಿನ ಕಟ್ಟಡಗಳಲ್ಲಿ ಪಿಲ್ಲರು, ಬೀಮು ಭಾರ ಹೊರುತ್ತವೆ, ಗೋಡೆ ಸುಮ್ನೆ ಮರೆಗೆ. ಅಲ್ಲಿ ಹಾಗಲ್ಲ. ಗೋಪುರದ ಮೇಲ್ಭಾಗ ಕಬ್ಬಿಣದ್ದು, ಅದರ ಕೆಳಗಿನ ಭಾರವನ್ನೆಲ್ಲ ಕಲ್ಲು, ಇಟ್ಟಿಗೆಯ ಗೋಡೆಯೇ ಹೊರಬೇಕು. ಅದಕ್ಕೇ ಅಷ್ಟು ದಪ್ಪ.

ಜಗತ್ತಿನಲ್ಲೇ ಎತ್ತರದ್ದು ಕಟ್ಟಬೇಕು ಅಂತ 1871ರಲ್ಲಿ ಶುರು ಮಾಡಿದರು. ಮುಗಿದದ್ದು 1901ರಲ್ಲಿ. ಅಷ್ಟರೊಳಗೆ ವಾಷಿಂಗ್ಟನ್ ಸ್ಮಾರಕ, ಐಫೆಲ್ ಗೋಪುರ ಎರಡೂ ಅದನ್ನು ಮೀರಿಸಿದ್ದವು. ನಕ್ಷೆ ಬರೆದ ಜಾನ್ ಮೆಕಾರ್ಥರ್ 1890ರಲ್ಲೇ ತೀರಿಕೊಂಡಿದ್ದರು. ಆದರೂ ಜನ ಕೂತು ಕೆಲಸ ಮಾಡುವ ಕಟ್ಟಡಗಳಲ್ಲಿ 548 ಅಡಿಯ ಇದೇ 1908ರವರೆಗೆ ಎಲ್ಲಕ್ಕಿಂತ ಎತ್ತರ. ಅದು ಯಾವ ಕಂಪನಿಯದ್ದೂ ಅಲ್ಲ, ಊರಿನದ್ದು. ಒಳಗೆ ಮೇಯರ್ ಕಚೇರಿ, ಕೋರ್ಟು. ನನಗೆ ಆ ಕಟ್ಟಡದ ಮೇಲೆ ಗೌರವ ಇರೋದು ಇದಕ್ಕೇ.

ತುದಿಯಲ್ಲಿ ನಿಂತವನು ವಿಲಿಯಂ ಪೆನ್, ಆ ಊರನ್ನು ಕಟ್ಟಿದವನು. 37 ಅಡಿಯ ಕಂಚಿನ ಪ್ರತಿಮೆ, ತೂಕ ಸುಮಾರು 27 ಟನ್. 1894ರಲ್ಲಿ ಬಿಡಿಬಿಡಿ ಭಾಗಗಳಾಗಿ ಮೇಲೇರಿಸಿ ಜೋಡಿಸಿದರು. ಮುಖ ದಕ್ಷಿಣಕ್ಕಿದ್ದರೆ ಬಿಸಿಲು ಚೆನ್ನಾಗಿ ಬೀಳುತ್ತದೆ ಅನ್ನೋದು ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಅವರ ಆಸೆ. ನಿಲ್ಲಿಸಿದ್ದು ಈಶಾನ್ಯಕ್ಕೆ. ವರ್ಷಗಟ್ಟಲೆ ದುಡಿದ ಮನುಷ್ಯನಿಗೆ ಎಷ್ಟು ಸಂಕಟ ಆಗಿರಬೇಕು, ಅಲ್ವಾ?

1950ರ ದಶಕದಲ್ಲಿ ಇದನ್ನು ಕೆಡವುವ ಮಾತೂ ಬಂದಿತ್ತು. ಕೆಡವುವ ಖರ್ಚೇ ವಿಪರೀತ ಅಂತ ಕೈಬಿಟ್ಟರು. ಪುಣ್ಯ! ಇನ್ನೊಂದು ವಿಷಯ ಕೇಳು. ಪೆನ್ ಟೋಪಿಗಿಂತ ಎತ್ತರಕ್ಕೆ ಊರಲ್ಲಿ ಯಾರೂ ಕಟ್ಟುತ್ತಿರಲಿಲ್ಲ. ಕಾನೂನೇನೂ ಇರಲಿಲ್ಲ, ಬರೀ ಬಾಯಿಮಾತು. 1987ರಲ್ಲಿ ಒನ್ ಲಿಬರ್ಟಿ ಪ್ಲೇಸ್ ಬರುವವರೆಗೂ ಆ ಮಾತು ನಡೆಯಿತು. ಕೋಟಿಗಟ್ಟಲೆ ಬೆಲೆಯ ಜಾಗ ಇಟ್ಟುಕೊಂಡವರೂ ಅಷ್ಟು ವರ್ಷ ತಡೆದುಕೊಂಡರು ಅನ್ನೋದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯ.

ಗೋಪುರ ಹತ್ತೋಕೆ ಟಿಕೆಟ್ ಬೇಕು, ಮೊದಲೇ ಬುಕ್ ಮಾಡು. ಕೆಳಗಿನ ಅಂಗಳಕ್ಕೆ ಮಾತ್ರ ಟಿಕೆಟ್ ಇಲ್ಲ. ಜನ ಅದರ ನಡುವೆಯೇ ಹಾದು ಆ ಕಡೆಗೆ ಹೋಗುತ್ತಾರಂತೆ. ನೀನೂ ಹಾಗೇ ಹೋಗಿ ನೋಡು. ಅಮ್ಮ ಸ್ವೆಟರ್ ಹಾಕಿಕೊಂಡು ಹೋಗು ಅನ್ನುತ್ತಿದ್ದಾಳೆ.

ನಿನ್ನ ಪ್ರೀತಿಯ,
ಅಪ್ಪ