ಆಕುರ್ಡಿಯಿಂದ ಅಪ್ಪನಿಗೆ

ಆಕುರ್ಡಿ, ಪುಣೆ

ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಆರಾಮ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವ್ವ ಪುಣೆಯನ್ನು ಇನ್ನೂ ಪರದೇಶ ಅಂತಲೇ ಅನ್ನುತ್ತಾಳಾ?

ಹೋದ ವಾರ ಮನೆ ಬದಲಾಯಿಸಿದೆವು. ಒಂದು ಸಣ್ಣ ಲಾರಿ ಬೇಕು ಅಂದೆ. ಇಲ್ಲಿ ಲಾರಿ ಅನ್ನುವವರು ಕಡಿಮೆ, ಎಲ್ಲ ಟ್ರಕ್ಕೇ. ವಾಚ್‌ಮನ್ ನಮ್ಮ ಸಾಮಾನು ನೋಡಿ 'ಛೋಟಾ ಹಾಥಿ ಸಾಕು' ಅಂದ, ಅಂದರೆ ಪುಟ್ಟ ಆನೆ. ಪುಟ್ಟಿ ಬಾಳೆಹಣ್ಣು ಹಿಡಿದುಕೊಂಡು ಬಾಲ್ಕನಿಯಲ್ಲಿ ಕಾದದ್ದೇ ಕಾದದ್ದು. ಬಂದದ್ದು ಟಾಟಾ ಏಸ್! ಬಾಳೆಹಣ್ಣು ಡ್ರೈವರ್ ಪಾಲಾಯಿತು. 2005ರಲ್ಲಿ ಈ ಆನೆಮರಿ ಮೊದಲು ತಯಾರಾಗಿದ್ದೂ ಪುಣೆಯಲ್ಲೇ.

ಎದುರಿಗೆ ಕಟ್ಟಡ ಏಳುತ್ತಿದೆ. ಮಣ್ಣು ಹೊರುವ ಟಿಪ್ಪರ್‌ಗೆ ಇಲ್ಲಿನವರು ಹಾಯ್ವಾ ಅನ್ನುತ್ತಾರೆ. ನಾನು ಮರಾಠಿ ಪದ ಅಂದುಕೊಂಡಿದ್ದೆ. ನೋಡಿದರೆ ಬಾಡಿ ಎತ್ತುವ ಜಾಕ್ ಮಾಡುವ ಕಂಪನಿಯ ಹೆಸರು! ಗಾಡಿ ಯಾರದ್ದೇ ಆಗಿರಲಿ, ಜನರ ಬಾಯಲ್ಲಿ ಅದು ಹಾಯ್ವಾ. ನಮ್ಮ ಕಡೆ ದೊಡ್ಡ ಲಾರಿಗೆಲ್ಲ ಟಾರಸ್ ಅಂದ ಹಾಗೆ. ಅದೂ ಲೇಲ್ಯಾಂಡಿನ ಒಂದು ಮಾಡೆಲ್ ಅಲ್ವಾ? ಟೆಂಪೋ ಅನ್ನುವುದೂ ಅಷ್ಟೇ, ಜರ್ಮನಿಯ ಕಂಪನಿಯ ಹೆಸರು. ಅವರ ಜೊತೆ ಸೇರಿದ್ದರಿಂದಲೇ ಇಲ್ಲಿಯದು ಬಜಾಜ್ ಟೆಂಪೋ ಆಗಿದ್ದು.

ಆ ಬಜಾಜ್ ಟೆಂಪೋ ಕಾರ್ಖಾನೆ ನಾನು ದಿನಾ ಕೆಲಸಕ್ಕೆ ಹೋಗುವ ದಾರಿಯಲ್ಲೇ ಇದೆ. 2005ರಿಂದ ಹೆಸರು ಫೋರ್ಸ್ ಮೋಟಾರ್ಸ್. ನಮ್ಮ ಮೆಟಡಾರ್ ಆ ಕಂಪನಿಯದೇ ಅಂತ ನೆನಪಾದಾಗ ಬಸ್ಸಿನಲ್ಲೇ ನಗು ಬಂತು. ಬ್ಯಾಡಗಿಗೆ ಮೆಣಸಿನಕಾಯಿ ಬಾಡಿಗೆ ಇದ್ದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಿರಿ. ನಿಮ್ಮ ಪಕ್ಕದ ಇಂಜಿನ್ ಮುಚ್ಚಳದ ಮೇಲೆ ಗೋಣಿಚೀಲ ಮಡಚಿ ಹಾಸಿ ಕೂರಿಸುತ್ತಿದ್ದಿರಿ. ಆದರೂ ತೊಡೆ ಸುಡುತ್ತಿತ್ತು. ಹಿಂದಿನಿಂದ ಖಾರದ ಘಾಟು. ಇಬ್ಬರೂ ಸೀನುತ್ತಲೇ ಊರು ದಾಟುತ್ತಿದ್ದೆವು. ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟನ್ನೂ ಅಲ್ಲೇ ಇಡುತ್ತಿದ್ದಿರಿ. ಬ್ಯಾಡಗಿ ಮುಟ್ಟುವಷ್ಟರಲ್ಲಿ ರೊಟ್ಟಿ ಬಿಸಿ, ಆದರೆ ಸ್ವಲ್ಪ ಡೀಸೆಲ್ ವಾಸನೆ. ಈಗಲೂ ಪೆಟ್ರೋಲ್ ಬಂಕ್ ಹತ್ತಿರ ಹೋದರೆ ನನಗೆ ಹಸಿವಾಗುತ್ತದೆ. ಹೇಳಿದರೆ ನಿಮ್ಮ ಅಳಿಯಂದಿರು ನಂಬುವುದಿಲ್ಲ.

ಇಲ್ಲಿ ಬಂದು ಮೂರು ವರ್ಷವಾಯಿತು, ರಸ್ತೆಯಲ್ಲಿ ಒಂದೂ ಮೆಟಡಾರ್ ಕಣ್ಣಿಗೆ ಬಿದ್ದಿಲ್ಲ.

ಹಿತ್ತಲಿನಲ್ಲಿರುವ ಅದರ ಸ್ಟೆಪ್ನಿ ಟೈರ್ ಗುಜರಿಯವನಿಗೆ ಕೊಡಬೇಡಿ. ದೀಪಾವಳಿಗೆ ಬಂದಾಗ ಬೇವಿನ ಮರಕ್ಕೆ ಕಟ್ಟಿ ಪುಟ್ಟಿಗೆ ಜೋಕಾಲಿ ಮಾಡೋಣ. ಹಗ್ಗ ಮಾತ್ರ ಹೊಸದು ತನ್ನಿ.

ನಿಮ್ಮ ಮಗಳು