ಹನ್ನೊಂದು ಪ್ಲಗಿನ್‌ಗಳ ಪಟ್ಟಿಗೆ ಅತ್ತೆಯ ಉತ್ತರ

ಬೆಟಗೇರಿ, ಗದಗ
ಆಷಾಢ, ಶನಿವಾರ

ಚಿರಂಜೀವಿ ಅಣ್ಣನ ಮಗಳಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ಮಳೆ ಇನ್ನೂ ಸರಿಯಾಗಿ ಹಿಡಿದಿಲ್ಲ. ಗಾಳಿ ಮಾತ್ರ ತಗಡು ಹಾರಿಸುವ ಹಾಗೆ ಬೀಸುತ್ತಿದೆ. ಹೆಸರು ಬಿತ್ತಿದವರು ಮುಗಿಲು ನೋಡುತ್ತ ಕುಳಿತಿದ್ದಾರೆ.

ನೀನು ಮೊಬೈಲಿಗೆ ಕಳುಹಿಸಿದ ಪಟ್ಟಿ ತಲುಪಿತು. ಮದುವೆ ಆಲ್ಬಮ್ ವಿನ್ಯಾಸಕ್ಕೆಂದು ಹನ್ನೊಂದು ಪ್ಲಗಿನ್, ಅಂದರೆ ಫೋಟೊಶಾಪ್‌ನಂಥ ದೊಡ್ಡ ತಂತ್ರಾಂಶಕ್ಕೆ ಜೋಡಿಸುವ ಪುಟ್ಟ ತಂತ್ರಾಂಶಗಳು, ಅರ್ಧದಷ್ಟರ ಹೆಸರು ಔಷಧಿ ಅಂಗಡಿಯ ಚೀಟಿಯಂತಿವೆ. ಯಾವುದನ್ನು ಮೊದಲು ಹಾಕಲಿ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ‘ಹೂಂ ಅತ್ತೆ’ ಎಂದು ಹೇಳಿ ಹನ್ನೊಂದನ್ನೂ ಹಾಕುತ್ತೀ ಎಂದು ಗೊತ್ತಿರುವುದರಿಂದ ಕಾಗದದಲ್ಲಿ ಬರೆಯುತ್ತಿದ್ದೇನೆ.

ನೀನು ಆಷಾಢದಲ್ಲಿ ಕೇಳಿದ್ದು ನನಗೆ ಸಮಾಧಾನ ತಂದಿತು. ಹೊಸದೇನನ್ನಾದರೂ ಕಂಪ್ಯೂಟರಿಗೆ ಹಾಕುವುದಿದ್ದರೆ ಮದುವೆಗಳಿಲ್ಲದ ಈ ತಿಂಗಳೇ ಸರಿ. ಮುಹೂರ್ತಗಳು ಸಾಲುಗಟ್ಟಿರುವಾಗ ಹೊಸ ಪ್ಲಗಿನ್ ಹಾಕುವುದು, ಫೋಟೊಶಾಪ್ ಅನ್ನು ಹೊಸ ಆವೃತ್ತಿಗೆ ಏರಿಸುವುದು ಎರಡೂ ಬೇಡ. ಫೋಟೊಶಾಪ್‌ನಂಥವನ್ನು ಇಳಿಸಿ ಕೂರಿಸುವ ಕ್ರಿಯೇಟಿವ್ ಕ್ಲೌಡ್‌ನಲ್ಲಿ ಹೊಸ ಆವೃತ್ತಿ ಹಾಕುವಾಗ ಹಳೆಯದನ್ನು ತೆಗೆದುಹಾಕುವ ಆಯ್ಕೆಯೊಂದು ಇರುತ್ತದೆ, ಅದರ ಗುರುತನ್ನು ತೆಗೆದು ಮುಂದುವರಿ. ಹಳೆಯ ಪ್ಲಗಿನ್ ಹೊಸ ಆವೃತ್ತಿಯಲ್ಲಿ ಏಳದಿದ್ದರೆ ಹಳೆಯ ಮನೆಗೆ ಮರಳಿ ಹೋಗಲು ದಾರಿ ಉಳಿಯುತ್ತದೆ.

ಪಟ್ಟಿಯಲ್ಲಿ ನೀನು ಆಕ್ಷನ್, ಸ್ಕ್ರಿಪ್ಟ್, ಪ್ಲಗಿನ್ ಮೂರನ್ನೂ ಒಂದೇ ಹೆಸರಿನಿಂದ ಕರೆದಿದ್ದೀಯ. ಆಕ್ಷನ್ ಎನ್ನುವುದು ಗಿಳಿಪಾಠ. ಯಾರೋ ಒಮ್ಮೆ ಮಾಡಿದ ಹೆಜ್ಜೆಗಳನ್ನು ಹಾಗೆಯೇ ಒಪ್ಪಿಸುತ್ತದೆ. ಎಟಿಎನ್ ಕಡತವನ್ನು ಆಕ್ಷನ್ ಫಲಕದಲ್ಲಿ ಲೋಡ್ ಮಾಡಿದರೆ ಮುಗಿಯಿತು. ಸ್ಕ್ರಿಪ್ಟ್‌ಗೆ ಇನ್ನಷ್ಟು ಬುದ್ಧಿಯಿದೆ, ಚಿತ್ರ ಅಡ್ಡವೋ ಉದ್ದವೋ ನೋಡಿ ನಡೆಯಬಲ್ಲದು. ಜೆಎಸ್‌ಎಕ್ಸ್ ಕಡತವನ್ನು ಫೋಟೊಶಾಪ್‌ನ ಪ್ರಿಸೆಟ್ಸ್ ಒಳಗಿನ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿಟ್ಟು, ಫೋಟೊಶಾಪ್ ಮುಚ್ಚಿ ತೆರೆದರೆ ಫೈಲ್ ಮೆನುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಮೊದಲ ದಿನವೇ ಅಲ್ಲಿ ಇಡಬೇಡ. ಅದೇ ಮೆನುವಿನ ಬ್ರೌಸ್ ಒತ್ತಿ, ಕಡತ ಎಲ್ಲಿದೆಯೋ ಅಲ್ಲಿಂದಲೇ ಓಡಿಸಿ ನೋಡಬಹುದು. ಗುರುತಿಲ್ಲದವರನ್ನು ಕಟ್ಟೆಯ ಮೇಲೆ ಕೂರಿಸಿ ಮಾತನಾಡಿಸಿ, ಆಮೇಲೆ ಒಳಗೆ ಕರೆಯುತ್ತೇವಲ್ಲ, ಹಾಗೆ. ನಿಜವಾದ ಪ್ಲಗಿನ್ ಎಂದರೆ ಒಳಗೇ ಬಂದು ಸಂಸಾರ ಹೂಡುವ ಪ್ರಾಣಿ. ಸಿಸಿಎಕ್ಸ್ ಕಡತವಾದರೆ ಎರಡು ಸಲ ಒತ್ತಿದರೆ ಕ್ರಿಯೇಟಿವ್ ಕ್ಲೌಡ್ ಅದನ್ನು ಕೂರಿಸುತ್ತದೆ, ತೆಗೆಯುವುದೂ ಅಲ್ಲಿಂದಲೇ. ಹಳೆಯ ಕಾಲದ 8ಬಿಎಫ್ ಆದರೆ ಪ್ಲಗ್‌ಇನ್ಸ್ ಫೋಲ್ಡರಿಗೆ ಹೋಗಬೇಕು, ಮತ್ತು 64 ಬಿಟ್ ಫೋಟೊಶಾಪ್‌ಗೆ 64 ಬಿಟ್‌ನದೇ ಬೇಕು. ಪಟ್ಟಿಯಲ್ಲಿ ಎರಡು 32 ಬಿಟ್‌ನವು ಇವೆ, ಅವು ನಿನ್ನ ಯಂತ್ರದಲ್ಲಿ ಏಳುವುದೇ ಇಲ್ಲ. ಯಾವುದನ್ನು ಹಾಕುವ ಮೊದಲೂ ತೆಗೆಯುವುದು ಹೇಗೆ ಎಂದು ತಿಳಿದುಕೊ. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿ ಹಿಡಿದು ಫೋಟೊಶಾಪ್ ತೆರೆದರೆ, ಹೊರಗಿನವರ ಪ್ಲಗಿನ್‌ಗಳನ್ನು ಬಿಟ್ಟು ಏಳಲೇ ಎಂದು ಅದೇ ಕೇಳುತ್ತದೆ. ತಂತ್ರಾಂಶ ಕುಸಿದು ಬಿದ್ದಾಗ ಕಳ್ಳ ಒಳಗಿನವನೋ ಹೊರಗಿನವನೋ ಎಂದು ಗೊತ್ತುಮಾಡಿಕೊಳ್ಳಲು ಇದಕ್ಕಿಂತ ಸುಲಭದ ಉಪಾಯ ನನಗೆ ಸಿಕ್ಕಿಲ್ಲ.

ಇಷ್ಟು ಯಾರಾದರೂ ಹೇಳಿಕೊಡುತ್ತಾರೆ. ನಾನು ಪೆನ್ನು ಹಿಡಿದದ್ದು ಬೇರೆ ಮಾತಿಗೆ.

ನೀನು ನನ್ನನ್ನು ಕಂಪ್ಯೂಟರ್ ಮುಂದೆ ಕುಳಿತಿರುವುದನ್ನೇ ನೋಡಿದ್ದೀಯ. ಅದಕ್ಕೂ ಮುಂಚೆ ನಾನು ಮುದ್ರಣ ಕಾಶಿ ಎನಿಸಿಕೊಂಡ ಈ ಊರಿನ ಒಂದು ಪ್ರೆಸ್ಸಿನಲ್ಲಿ ಫರ್ಮಾ, ಅಂದರೆ ಪುಸ್ತಕದ ಪುಟಗಳು ಅಚ್ಚಾದ ದೊಡ್ಡ ಹಾಳೆ, ಮಡಚುತ್ತಿದ್ದೆ. ಒಂದು ಹಾಳೆಗೆ ಮೂರು ಮಡಿಕೆ ಹಾಕಿದರೆ ಹದಿನಾರು ಪುಟ. ಸಾವಿರಗಟ್ಟಲೆ ಮಡಚಿದ ಮೇಲೆ ಪುಟದ ಸಂಖ್ಯೆ ತಪ್ಪಿದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು. ಆಲ್ಬಮ್ ಕೆಲಸಕ್ಕೆ ಬಂದಾಗ, ಚಿತ್ರಗಳನ್ನು ತಾನಾಗಿಯೇ ಹಾಳೆಗೆ ಹಂಚುವ ಪ್ಲಗಿನ್ ಒಂದು ಸಿಕ್ಕಿತು. ನಿನ್ನ ಪಟ್ಟಿಯಲ್ಲಿ ಮೂರನೆಯದು ಅದರ ಮೊಮ್ಮಗನಂತಿದೆ. ಫೋಲ್ಡರ್ ತೋರಿಸಿದರೆ ಸಾಕು, ಚಿತ್ರ ತೆಗೆದ ಹೊತ್ತನ್ನು ಓದಿ, ಅದೇ ಕ್ರಮದಲ್ಲಿ ಜೋಡಿಸಿ ಕೊಡುತ್ತಿತ್ತು. ಎರಡು ದಿನದ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ನಾನು ಹಿಗ್ಗಿಹೋದೆ.

ಆಗ ಒಂದು ಮದುವೆ ಬಂತು. ಎರಡು ಕ್ಯಾಮೆರಾ. ಒಂದರ ಗಡಿಯಾರ ನಮ್ಮದು, ಇನ್ನೊಂದರದು ಗ್ರೀನಿಚ್‌ನದು, ಐದೂವರೆ ಗಂಟೆ ಹಿಂದೆ. ಮಧ್ಯಾಹ್ನ ಹನ್ನೆರಡೂವರೆಗೆ ಅಕ್ಕಿಕಾಳು ಹಾಕಿದ ಗಳಿಗೆಯನ್ನು ಎರಡನೆಯ ಕ್ಯಾಮೆರಾ ಬೆಳಗಿನ ಏಳು ಗಂಟೆ ಎಂದು ಬರೆದುಕೊಂಡಿತ್ತು. ಪ್ಲಗಿನ್ ತನಗೆ ಹೇಳಿದ್ದನ್ನು ಪ್ರಾಮಾಣಿಕವಾಗಿ ಮಾಡಿತು: ತಾಳಿ ಕಟ್ಟಿ, ಬಾಸಿಂಗ ತೊಟ್ಟು, ತಲೆ ತುಂಬ ಅಕ್ಕಿ ಬಿದ್ದ ಮದುಮಗಳು ಮರುಪುಟದಲ್ಲಿ ಎಣ್ಣೆ ಅರಿಶಿಣ ಹಚ್ಚಿಸಿಕೊಂಡು ಮದುವೆಗೆ ಮುಂಚಿನ ಸುರಗಿ ನೀರಿಗೆ ಕುಳಿತಿದ್ದಳು. ನಾನು ಬಣ್ಣ ನೋಡಿದೆ, ಅಂಚು ನೋಡಿದೆ, ಕತೆ ನೋಡಲಿಲ್ಲ. ಹಾಗೆಯೇ ಮುದ್ರಣಕ್ಕೆ ಹೋಯಿತು. ಆಲ್ಬಮ್ ಬಿಚ್ಚಿದ ದಿನ ಹುಡುಗಿಯ ಅಜ್ಜಿ ಬೀಗರ ಎದುರಿಗೇ ‘ನಮ್ಮ ಹುಡುಗಿಗೆ ಎರಡು ಸಲ ಮದುವೆ ಆಯಿತೇನವ್ವ?’ ಎಂದು ಕೇಳಿದಳಂತೆ. ಮರುಮುದ್ರಣದ ದುಡ್ಡು ನನ್ನ ಕೈಯಿಂದ ಹೋಯಿತು. ದುಡ್ಡಿನ ಮಾತು ಬಿಡು, ಆ ಮುದುಕಿಯ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ.

ಕೈಯಿಂದ ಜೋಡಿಸಿದ್ದರೆ ಈ ತಪ್ಪು ಮಾಡಲು ಬಯಸಿದರೂ ಆಗುತ್ತಿರಲಿಲ್ಲ, ಪ್ರತಿ ಚಿತ್ರದ ಮುಖ ನೋಡಿಯೇ ಇಡುತ್ತಿದ್ದೆ. ಪ್ಲಗಿನ್ ನನ್ನ ಬೆರಳಿನ ಕೆಲಸದ ಜೊತೆಗೆ ನೋಡುವ ಕೆಲಸವನ್ನೂ ಸದ್ದಿಲ್ಲದೆ ತೆಗೆದುಕೊಂಡಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಪ್ಲಗಿನ್ ಯಾವ ಕೆಲಸ ಮಾಡುತ್ತದೆಯೋ ಅದನ್ನು ಮೊದಲು ಒಂದು ಇಡೀ ಆಲ್ಬಮ್‌ಗೆ ನಿನ್ನ ಕೈಯಿಂದ ಮಾಡು. ಆಮೇಲೆ ಹಾಕಿಕೊ. ಈಗ ನಾನು ಕ್ಯಾಮೆರಾಗಳ ಚಿತ್ರಗಳನ್ನು ಬೇರೆ ಬೇರೆ ಫೋಲ್ಡರಿನಲ್ಲಿಟ್ಟು, ಎರಡರಲ್ಲೂ ಇರುವ ಒಂದೇ ಗಳಿಗೆಯನ್ನು ಹುಡುಕುತ್ತೇನೆ. ತಾಳಿ ಕಟ್ಟುವ ಗಳಿಗೆ ಎಲ್ಲ ಕ್ಯಾಮೆರಾದಲ್ಲೂ ಇರುತ್ತದೆ. ಚಿತ್ರಗಳನ್ನು ವಿಂಗಡಿಸಿ ತಿದ್ದುವ ಲೈಟ್‌ರೂಮ್‌ನಲ್ಲಿ ಒಂದು ಚಿತ್ರದ ಹೊತ್ತನ್ನು ತಿದ್ದಿದರೆ, ಜೊತೆಗೆ ಆಯ್ಕೆ ಮಾಡಿದ ಎಲ್ಲದಕ್ಕೂ ಅಷ್ಟೇ ಅಂತರ ಸರಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರಗಳಲ್ಲಿ ತೆಗೆದ ಹೊತ್ತೇ ಉಳಿದಿರುವುದಿಲ್ಲ, ಅವನ್ನು ಕೈಯಿಂದಲೇ ಇಡಬೇಕು.

ಅದೇ ವಾಟ್ಸ್‌ಆ್ಯಪ್ ಚಿತ್ರಗಳ ಇನ್ನೊಂದು ಕಾಟವೂ ಇದೆ. ಸಾಮಾನ್ಯವಾಗಿ ಕಳುಹಿಸಿದ ಚಿತ್ರದ ಉದ್ದ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ನಿನ್ನ 12×36 ಇಂಚಿನ ಹಾಳೆ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ, 3600×10800 ಪಿಕ್ಸೆಲ್. ಲೆಕ್ಕ ಹಾಕು: ಆ ಚಿತ್ರ ಚೊಕ್ಕಟವಾಗಿ ಬರುವುದು ಐದು ಇಂಚು ಚಿಲ್ಲರೆಗೆ ಮಾತ್ರ. ಚೌಕಟ್ಟು ಖಾಲಿ ಕಂಡರೆ ತುಂಬುವುದಷ್ಟೇ ಪ್ಲಗಿನ್‌ಗೆ ಗೊತ್ತು. ಅದು ಹದಿನೆಂಟು ಇಂಚಿನ ಅರ್ಧ ಹಾಳೆಗೆ ಹಿಗ್ಗಿಸಿ ಇಟ್ಟರೆ ಇಂಚಿಗೆ 90 ಪಿಕ್ಸೆಲ್ ಕೂಡ ಉಳಿಯುವುದಿಲ್ಲ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಅಪಾಯ ಇರುವುದೇ ಅಲ್ಲಿ. ಬೀಗರಿಂದ ಚಿತ್ರ ತರಿಸುವಾಗ ಡಾಕ್ಯುಮೆಂಟ್ ಆಗಿ ಕಳುಹಿಸಿ ಎಂದು ಹೇಳು. ಇನ್ನು ಹಾಳೆಯ ನಡುಗೆರೆ. ಎರಡು ಪುಟಕ್ಕೆ ಹರಡುವ ಗುಂಪು ಚಿತ್ರವನ್ನು ಪ್ಲಗಿನ್ ಸರಿಯಾಗಿ ನಡುವೆ ಇಡುತ್ತದೆ, ನಡುವೆ ನಿಂತ ಮದುಮಕ್ಕಳ ಮೂಗಿನ ಮೇಲೆ ಮಡಿಕೆ ಬೀಳುತ್ತದೆ. ಬೈಂಡಿಂಗ್ ಮೇಜಿನಿಂದ ಬಂದ ನನಗೆ ಇದು ಮೊದಲು ಕಣ್ಣಿಗೆ ಹೊಡೆಯುತ್ತದೆ. ನಡುಗೆರೆಯ ಎರಡೂ ಬದಿ ಅರ್ಧ ಇಂಚು ಯಾರ ಮುಖವೂ ಬೇಡ, ಸುತ್ತ ಕತ್ತರಿಗೆಂದು 3 ಮಿಲಿಮೀಟರ್ ಹೆಚ್ಚು ಇರಲಿ. ಹೊಲಿದ ಪುಸ್ತಕವಾದರೆ ನಡುವೆ ಇನ್ನೂ ಹೆಚ್ಚು ಬಿಡು.

ಕನ್ನಡ ಅಕ್ಷರದ ವಿಷಯ ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ. ಹೊರಗಿನಿಂದ ಬರುವ ಟೆಂಪ್ಲೇಟ್‌ಗಳನ್ನು, ಅಂದರೆ ಸಿದ್ಧ ವಿನ್ಯಾಸಗಳನ್ನು, ಇಂಗ್ಲಿಷ್ ಹೆಸರುಗಳಿಗಾಗಿ ಮಾಡಿರುತ್ತಾರೆ. ಅವುಗಳಲ್ಲಿ ‘ನಿಶ್ಚಿತಾರ್ಥ’ ಎಂದು ಹೊಡೆದು ನೋಡು. ಒತ್ತಕ್ಷರ, ಅರ್ಕಾವತ್ತು ಎರಡೂ ಇರುವ ಪದ, ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ಬೇಡ. ಒತ್ತು ಕಳಚಿ ಪಕ್ಕಕ್ಕೆ ನಿಂತರೆ ತಪ್ಪು ಫಾಂಟಿನದಲ್ಲ. ಪುಟ ಕಟ್ಟುವ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಕಂಪೋಸರನ್ನು ವರ್ಲ್ಡ್-ರೆಡಿ ಎಂಬುದಕ್ಕೆ ಬದಲಿಸು. ಹಳೆಯ ಫೋಟೊಶಾಪ್ ಆದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇರುತ್ತದೆ, ಅದನ್ನು ಹಾಕಿ ಹೊಸ ಕಡತ ತೆರೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಹೊಡೆದದ್ದಾದರೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಮದುಮಕ್ಕಳ ಹೆಸರು ಇಂಗ್ಲಿಷ್ ಅಕ್ಷರಗಳ ಕಸವಾಗಿ ಕಾಣುತ್ತದೆ. ಎಲ್ಲ ಯಂತ್ರಕ್ಕೂ ತಿಳಿಯುವ ಯುನಿಕೋಡ್‌ನಲ್ಲೇ ಹೊಡೆ. ನೋಟೊ ಸೆರಿಫ್ ಕನ್ನಡ ಉಚಿತವಾಗಿಯೇ ಸಿಗುತ್ತದೆ, ಮುಖಪುಟಕ್ಕೆ ಗಂಭೀರವಾಗಿಯೂ ಇದೆ.

ಇನ್ನು ನಿನ್ನ ಪಟ್ಟಿ. ಏಳನೆಯದರ ಪಕ್ಕದಲ್ಲಿ ‘ಗೆಳತಿಯ ಪೆನ್‌ಡ್ರೈವಿನಲ್ಲಿ ಪುಕ್ಕಟೆ’ ಎಂದು ಬರೆದಿದ್ದೀಯ. ಪರವಾನಗಿಯ ಬೀಗ ಮುರಿದ ಪ್ಲಗಿನ್ ಹಾಕಲು ಮೊದಲು ಆ್ಯಂಟಿವೈರಸ್ ನಿಲ್ಲಿಸು ಎಂದು ಹೇಳುತ್ತಾರೆ. ಕಾವಲು ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆರೆ ಎನ್ನುವವನು ಯಾರಿರಬಹುದು? ಬೇಡ. ಐದು ಸಾವಿರ ಟೆಂಪ್ಲೇಟ್‌ಗಳ ಗಂಟೂ ಬೇಡ. ಊರಿನ ಅರ್ಧ ಆಲ್ಬಮ್‌ಗಳಲ್ಲಿ ಅದೇ ಗುಲಾಬಿ, ಅದೇ ಪಾರಿವಾಳ ಕುಳಿತಿವೆ. ಚರ್ಮ ನುಣುಪು ಮಾಡುವ ಎರಡು ಪ್ಲಗಿನ್‌ಗಳ ಮೇಲೆ ನನಗೆ ಸಿಟ್ಟೇ ಇದೆ. ಎಂಬತ್ತರ ಅಜ್ಜಿಯ ಮುಖವನ್ನು ಒರೆಸಿ ಪ್ಲಾಸ್ಟಿಕ್ ಗೊಂಬೆ ಮಾಡಿದರೆ ನಾಳೆ ಮೊಮ್ಮಕ್ಕಳು ಯಾರನ್ನು ಗುರುತಿಸಬೇಕು?

ಚಿತ್ರಗಳನ್ನೆಲ್ಲ ಚಿಕ್ಕದಾಗಿ ಒಂದೇ ಹಾಳೆಯಲ್ಲಿ ಸಾಲಾಗಿ ತೋರಿಸುವ ಕಾಂಟ್ಯಾಕ್ಟ್ ಶೀಟ್ ಮಾಡುವುದಕ್ಕೆ ದುಡ್ಡು ಕೊಡಬೇಡ. ಫೋಟೊಶಾಪ್‌ನ ಆಟೊಮೇಟ್ ಮೆನುವಿನಲ್ಲೇ ಅದು ಇದೆ. ಸಿಎಸ್4 ಎಂಬ ಆವೃತ್ತಿಯಲ್ಲಿ ಬದಿಗೆ ಸರಿಸಿದ್ದರು, 2012ರ ಸಿಎಸ್6ರಲ್ಲಿ ಮರಳಿ ತಂದರು. ಆ ನಡುವಿನ ವರ್ಷಗಳಲ್ಲಿ ಹುಟ್ಟಿದ ಸಲಹೆಗಳು ಇನ್ನೂ ಕೈಯಿಂದ ಕೈಗೆ ಹೋಗುತ್ತಿವೆ. ಎಲ್ಲವನ್ನೂ ಜೆಪೆಗ್ ಮಾಡಲು ಇಮೇಜ್ ಪ್ರೊಸೆಸರ್ ಎಂಬ ಸ್ಕ್ರಿಪ್ಟ್ ಕೂಡ ಒಳಗೇ ಇದೆ. ಇನ್‌ಡಿಸೈನ್‌ನ ಸ್ಕ್ರಿಪ್ಟ್ಸ್ ಫಲಕದ ಮಾದರಿಗಳಲ್ಲಿ ಇಮೇಜ್‌ಕ್ಯಾಟಲಾಗ್ ಹುಡುಕು. ಫೋಲ್ಡರ್ ತೋರಿಸಿ, ಸಾಲೆಷ್ಟು ಕಂಬವೆಷ್ಟು ಹೇಳಿದರೆ ಚಿತ್ರಗಳನ್ನು ಜೋಡಿಸಿ, ಬೇಕಾದರೆ ಕಡತದ ಹೆಸರನ್ನು ಕೆಳಗೆ ಬರೆದು ಕೊಡುತ್ತದೆ. ಹೊರಗಿನದನ್ನು ತರುವ ಮೊದಲು ಮನೆಯ ಅಟ್ಟ ನೋಡಬೇಕಲ್ಲವೇ?

ಹೀಗೆ ಸೋಸಿದರೆ ಉಳಿಯುವುದು ಎರಡು: ಮೂರನೆಯ ಜೋಡಣೆಯ ಪ್ಲಗಿನ್, ಒಂಬತ್ತನೆಯ ನಡುಗೆರೆ ಎಚ್ಚರಿಸುವ ಸ್ಕ್ರಿಪ್ಟ್. ಒಂಬತ್ತನೆಯದನ್ನು ಈ ವಾರ ಹಾಕು. ಮೂರನೆಯದು ಶ್ರಾವಣಕ್ಕೆ ಇರಲಿ. ಅದು ಎಷ್ಟು ಯಂತ್ರಗಳಲ್ಲಿ ನಡೆಯುತ್ತದೆ ಎಂದು ನೋಡಿ ಕೊಂಡುಕೊ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮುಂಚೆ ಪರವಾನಗಿ ಬಿಡಿಸಿಕೊಳ್ಳುವುದನ್ನು ಮರೆಯಬೇಡ. ಹಾಕಿದ ದಿನ, ಆವೃತ್ತಿ, ಎಲ್ಲಿಟ್ಟೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು.

ಶ್ರಾವಣದವರೆಗೆ ಕೈಯಿಂದ ಮಾಡುವುದಕ್ಕೆ ಕೆಲಸ ಬೇಕಲ್ಲ, ಅದನ್ನೂ ಕೊಡುತ್ತಿದ್ದೇನೆ. ನಿನ್ನ ಅಜ್ಜನ ಟ್ರಂಕಿನಲ್ಲಿದ್ದ 64 ಕಪ್ಪುಬಿಳುಪು ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ ಪೆನ್‌ಡ್ರೈವಿಗೆ ಹಾಕಿದ್ದೇನೆ, ಭಾನುವಾರ ನಿನ್ನ ಅಪ್ಪ ಹುಬ್ಬಳ್ಳಿಗೆ ಬರುವಾಗ ತರುತ್ತಾನೆ. ಅವುಗಳಲ್ಲಿ ಯಾವ ಗಡಿಯಾರದ ಗುರುತೂ ಇಲ್ಲ. ಸ್ಕ್ಯಾನ್ ಮಾಡಿದ ದಿನವೇ ಎಲ್ಲದರ ಜನ್ಮದಿನ. ಯಾವುದು ಮೊದಲು ಯಾವುದು ಆಮೇಲೆ ಎಂದು ಅಜ್ಜನ ಪಕ್ಕ ಕುಳಿತು ಕೇಳು, ಮಧ್ಯಾಹ್ನ ಊಟಕ್ಕೆ ಮುಂಚೆ ಕೇಳು, ಆಮೇಲೆ ಅವನು ಮಲಗುತ್ತಾನೆ. ಮೊದಲ ಎರಡು ಹಾಳೆ ಆದ ಮೇಲೆ ನನಗೆ ಮೊಬೈಲಿಗೆ ಕಳುಹಿಸಬೇಡ. ಮುದ್ರಿಸಿ, ನಡುವೆ ಮಡಚಿ ಕಳುಹಿಸು.

ಇಂತಿ ನಿನ್ನ ಅತ್ತೆ