ಬೇಕನ್ ಮಾಡುವವರಿಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಬೇಕನ್ ಮಾತು ಬಂದಿದ್ದು ನನಗೆ ತುಂಬಾ ಖುಷಿ. ಹಂದಿ ಮಾಂಸಕ್ಕೆ ಉಪ್ಪು ಹಿಡಿಸಿ, ಹೊಗೆ ಕೊಟ್ಟಾಗ ಬರುವ ಆ ರುಚಿ ಬೇರೆ ಯಾವುದರಲ್ಲೂ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಬೆನ್ನಿನ ಭಾಗದ್ದೇ ಜಾಸ್ತಿ, ಅಮೆರಿಕದಲ್ಲಿ ಹೊಟ್ಟೆ ಭಾಗದ್ದು. ನನ್ನ ಓಟು ಹೊಟ್ಟೆ ಭಾಗಕ್ಕೇ. ಕೊಬ್ಬು ಜಾಸ್ತಿ ಇರುವುದರಿಂದ ಗರಿಗರಿಯಾಗುತ್ತದೆ.

ಮಾಡುವವರು ದಯವಿಟ್ಟು ತಣ್ಣಗಿನ ಬಾಣಲೆಯಲ್ಲೇ ಬೇಕನ್ ಪಟ್ಟಿಗಳನ್ನು ಜೋಡಿಸಿ, ಆಮೇಲೆ ಸಣ್ಣ ಉರಿ ಹಚ್ಚಿ. ಚೆನ್ನಾಗಿ ಕಾದ ಬಾಣಲೆಗೆ ಹಾಕಿದರೆ ಅಂಚು ಸೀದುಹೋಗುತ್ತದೆ, ಕೊಬ್ಬು ಹಾಗೇ ಉಳಿಯುತ್ತದೆ. ನಿಧಾನವಾಗಿ ಕಾದರೆ ಕೊಬ್ಬು ಕರಗಿ ಹೊರಬರುತ್ತದೆ, ಮಾಂಸ ಅದರಲ್ಲೇ ಹುರಿಯುತ್ತದೆ. ಬೇರೆ ಎಣ್ಣೆ ಬೇಡವೇ ಬೇಡ. ಜನ ಜಾಸ್ತಿ ಇದ್ದರೆ ಓವನ್ ಸುಲಭ: 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 20 ನಿಮಿಷ. ಉಳಿದ ಕೊಬ್ಬನ್ನು ಸುಮ್ನೆ ಚೆಲ್ಲಬೇಡಿ, ಸೋಸಿ ಫ್ರಿಜ್‌ನಲ್ಲಿಡಿ. ಅದರಲ್ಲಿ ಹುರಿದ ಆಲೂಗಡ್ಡೆಗೆ ಸಾಟಿಯೇ ಇಲ್ಲ, ಅಲ್ವಾ?

ದಿನಾ ತಿನ್ನುವುದು ಮಾತ್ರ ಬೇಡ. ಬೇಕನ್‌ನಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಹೇಳಿದೆ.

ನೀವು ಮಾಡುವ ಬಗೆಯನ್ನು ಫೋಟೊ ಸಮೇತ ಇಲ್ಲೇ ಹಾಕಿ. ನೋಡಲು ಕಾಯುತ್ತಿದ್ದೇನೆ.